ವಿಷದ ಪಾರುಪತ್ಯ

ರಾಸಾಯನಿಕ ಕಂಪನಿಗಳು ಒಂದು ಮಾತು ಕಲಿತಿವೆ. ಪ್ರಾಡಕ್ಟ್ ಸ್ಟೀವರ್ಡ್‌ಶಿಪ್. ಮಾಲು ಮಾಡಿದವನೇ ಮಾಲಿಗೆ ಹೊಣೆ; ಅದು ಹುಟ್ಟುವ ಪ್ರಯೋಗಶಾಲೆಯಿಂದ ಹಿಡಿದು ಖಾಲಿ ಡಬ್ಬ ಮಣ್ಣು ಸೇರುವ ತನಕ ಹೊಣೆ ಅನ್ನೋದು ಇದರ ಅರ್ಥವಂತೆ. ಇದಕ್ಕಂತಲೇ ಕಂಪನಿಗಳಲ್ಲಿ ಒಂದು ವಿಭಾಗ, ವಿಭಾಗಕ್ಕೊಬ್ಬ ಮುಖ್ಯಸ್ಥ, ಅವನಿಗೊಂದು ಕೋಣೆ, ವರ್ಷಕ್ಕೊಂದು ಬಣ್ಣದ ವರದಿ. ಒಳ್ಳೆ ಮಾತೇ. ಆದರೆ ಒಳ್ಳೆ ಮಾತಿನ ಏಟು ತಿಂದು ತಿಂದು ಬೆನ್ನು ಕಲ್ಲಾದವರು ನಾವು. ಯಾವ ಮಾತನ್ನೂ ಬಿಡಿಸಿ ನೋಡದೆ ನಂಬುವುದಿಲ್ಲ.

ಸ್ಟೀವರ್ಡ್ ಅಂದರೆ ಪಾರುಪತ್ಯಗಾರ. ಪಾರುಪತ್ಯಗಾರರನ್ನು ನಾವು ಕಾಣದವರೇನಲ್ಲ. ಒಡೆಯನ ಗದ್ದೆಗೆ, ಮಠದ ಉಂಬಳಿಗೆ, ದೇವಸ್ಥಾನದ ಹುಂಡಿಗೆ ಪಾರುಪತ್ಯಗಾರ ಇದ್ದ. ಕಣಜದ ಕಾಳು ಲೆಕ್ಕ ತಪ್ಪದ ಹಾಗೆ ಕಾಯೋದು ಅವನ ಕೆಲಸ. ಕಾಳು ಬೆಳೆದವನ ಹೊಟ್ಟೆ ಅವನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಈಗ ಕಂಪನಿ ನೇಮಿಸಿರೋ ಪಾರುಪತ್ಯಗಾರ ಯಾರನ್ನ ಕಾಯ್ತಾನೆ? ಮಾಲನ್ನೋ, ಮಾಲು ಮುಟ್ಟೋ ಕೈಯನ್ನೋ? ನಮ್ಮ ಪ್ರಶ್ನೆ ಇದೊಂದೇ.

ಈ ಮಾತು ಹುಟ್ಟಿದ್ದಾದರೂ ಎಲ್ಲಿ? ಉದ್ಯಮಿಗಳ ಕರುಣೆಯಲ್ಲಿ ಹುಟ್ಟಲಿಲ್ಲ. ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಹೊರಬಿತ್ತು. ಸೆವಿನ್ ಎಂಬ ಕೀಟನಾಶಕ ಮಾಡಲು ತುಂಬಿಟ್ಟಿದ್ದ ವಿಷ ಅದು. ಸಾವಿರಾರು ಜನ ಸತ್ತರು. ಮೊದಲು ಸತ್ತವರು ಕಾರ್ಖಾನೆಯ ಗೋಡೆಯಾಚೆ ಗುಡಿಸಲು ಹಾಕಿಕೊಂಡಿದ್ದ ಬಡವರು. ಜಗತ್ತಿನ ಮುಂದೆ ಮಾನ ಹೋದ ಮೇಲೆ, ೧೯೮೫ರಲ್ಲಿ, ಕೆನಡಾದ ರಾಸಾಯನಿಕ ಉದ್ಯಮಿಗಳ ಸಂಘ 'ರೆಸ್ಪಾನ್ಸಿಬಲ್ ಕೇರ್' ಎಂಬ ಕಾರ್ಯಕ್ರಮ ಶುರು ಮಾಡಿತು. ೧೯೮೮ರಲ್ಲಿ ಅಮೆರಿಕದ ಉದ್ಯಮಿಗಳು ಅದನ್ನ ಕೈಗೆತ್ತಿಕೊಂಡರು. ಆಮೇಲೆ ದೇಶದೇಶಕ್ಕೆ ಹಬ್ಬಿತು. ಪ್ರಾಡಕ್ಟ್ ಸ್ಟೀವರ್ಡ್‌ಶಿಪ್ ಬೆಳೆದದ್ದು ಆ ಚಪ್ಪರದ ಕೆಳಗೆ. ಅಂದರೆ ಈ ವಿಭಾಗದ ತಳಪಾಯದಲ್ಲಿ ಬಡವರ ಹೆಣಗಳಿವೆ. ಆದ್ದರಿಂದ ಈ ಮನೆಯನ್ನ ಹೇಗೆ ಕಟ್ಟಬೇಕು ಅಂತ ಹೇಳುವ ಹಕ್ಕು ಕಂಪನಿಯ ಸಲಹೆಗಾರರಿಗಿಂತ ಮೊದಲು ನಮಗಿದೆ.

ಮೊದಲು ವಿಷ ಹರಿಯುವ ದಾರಿ ನೋಡೋಣ. ಕಂಪನಿ ಮಾಡುತ್ತದೆ, ಡೀಲರ್ ಮಾರುತ್ತಾನೆ, ಜಮೀನುದಾರ ಕೊಳ್ಳುತ್ತಾನೆ. ಇಲ್ಲಿಗೆ ದುಡ್ಡಿನ ಲೆಕ್ಕ ಮುಗಿಯಿತು. ವಿಷದ ಲೆಕ್ಕ ಇಲ್ಲಿಂದ ಶುರು. ಡಬ್ಬದ ಮುಚ್ಚಳ ತೆಗೆಯೋರು ಯಾರು? ಬಕೆಟ್ಟಿಗೆ ಕಡ್ಡಿ ಹಾಕಿ ಕದಡೋರು ಯಾರು? ಸೋರುವ ಪಂಪನ್ನ ಬೆನ್ನಿಗೆ ಕಟ್ಟಿಕೊಂಡು ಸಾಲುಸಾಲು ನಡೆಯೋರು, ಮಾರನೇ ದಿನ ಅದೇ ಹಸಿ ಗಿಡದ ಒಳಗೆ ಬಗ್ಗಿ ಕಳೆ ಕೀಳೋ ಹೆಂಗಸರು ಯಾರು? ೨೦೧೧ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯ ದುಡಿಯುವ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕೃಷಿ ಕೂಲಿಗಳು. ಸತ್ತ ದನ ಹೊರೋದು ನಮ್ಮ ಪಾಲಿಗೆ ಬಂತು. ಊರಿನ ಹೇಲು ಬಳಿಯೋದು ಬಂತು. ಈಗ ವಿಷ ಹೊಡೆಯೋದೂ ಬಂತು. ಮನು ತೋಡಿಟ್ಟ ಕಾಲುವೆಯಲ್ಲೇ ಕಂಪನಿಯ ವಿಷ ಹರಿದು ಬಂತು. ಹೊಸ ಕಾಲುವೆ ತೋಡುವ ಖರ್ಚು ಕಂಪನಿಗೆ ಬರಲಿಲ್ಲ. ಎರಡೆಕರೆಯ ಬಡ ರೈತ ತಾನೇ ಪಂಪು ಹೊರುತ್ತಾನೆ, ನಿಜ. ಆ ಹೊತ್ತಿಗೆ ಅವನೂ ನಮ್ಮ ಸಾಲಿನವನೇ. ಲಾಭ ಮೇಲಕ್ಕೆ ಏರುತ್ತದೆ, ಅಪಾಯ ಕೆಳಕ್ಕೆ ಇಳಿಯುತ್ತದೆ. ಈ ಏಣಿಯನ್ನ ನೋಡದ ಪಾರುಪತ್ಯಗಾರ ಏನನ್ನೂ ನೋಡಿದವನಲ್ಲ.

ಅವರ ಡಬ್ಬ ಯಾರ ಜೊತೆ ಮಾತಾಡುತ್ತೆ ನೋಡಿ. ಕೊಂಡವನ ಜೊತೆ. ಡಬ್ಬದ ಜೊತೆ ಮಡಿಸಿಟ್ಟ ಕಾಗದ ಇರುತ್ತದೆ, ಸಾಸಿವೆ ಕಾಳಿನಂಥ ಅಕ್ಷರ. ಅದು ಒಡೆಯನ ಮನೆಯಲ್ಲೇ ಉಳಿಯುತ್ತದೆ, ಕೂಲಿಯ ಕೈಗೆ ಬರೋದು ಬಕೆಟ್ಟು. ಓದು ಬಾರದವರಿಗೆ ಬಣ್ಣದ ಗುರುತು ಇದೆಯಲ್ಲ ಅಂತಾರೆ. ಇದೆ. ಚೌಕಾಕಾರದ ಗುರುತಿನ ಕೆಳಭಾಗ ಕೆಂಪಾದರೆ ಅತಿಘೋರ ವಿಷ, ಹಳದಿಯಾದರೆ ಘೋರ ವಿಷ, ನೀಲಿಯಾದರೆ ಮಧ್ಯಮ, ಹಸಿರಾದರೆ ಕಮ್ಮಿ. ಸ್ವಾಮಿ, ಹಳದಿ ಅಂದರೆ ನಮಗೆ ಅರಿಶಿನ. ಮದುವೆಗೆ ಹಚ್ಚೋದು, ಗಾಯಕ್ಕೆ ಒತ್ತೋದು. ಹಸಿರು ಅಂದರೆ ಪೈರು. ಈ ಬಣ್ಣಗಳ ಅರ್ಥ ಏನು ಅಂತ ಬೆನ್ನಿಗೆ ಪಂಪು ಹೊತ್ತ ಒಬ್ಬಳನ್ನ, ಒಬ್ಬನನ್ನ ಕೂರಿಸಿಕೊಂಡು ಕೇಳಿ ಆಮೇಲೆ ಡಬ್ಬ ಅಚ್ಚು ಹಾಕಿದ್ದೀರಾ?

ಇನ್ನು ಕೈಗವಸು, ಮುಖವಾಡ. ಕಂಪನಿಯ ಜೀಪು ಹಳ್ಳಿಗೆ ಬಂದಾಗಲೆಲ್ಲ ಇದೇ ಉಪದೇಶ. ಮೈ ತುಂಬ ಮುಚ್ಚಿಕೊಳ್ಳಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಸುಡುಬಿಸಿಲಲ್ಲಿ ರಬ್ಬರ್ ಅಂಗಿ ತೊಟ್ಟು ಒಂದು ಗಂಟೆ ನಡೆದು ತೋರಿಸಿ ನೋಡೋಣ. ಕೈ ತೊಳೆಯಲು ಯಾವ ಬಾವಿ? ಊರ ಬಾವಿಗೆ ನಮ್ಮನ್ನ ಬಿಡದ ಹಳ್ಳಿಗಳು ಇನ್ನೂ ಇವೆ ಅನ್ನೋದು ನಿಮ್ಮ ಕರಪತ್ರ ಬರೆದವನಿಗೆ ಗೊತ್ತಿದೆಯೇ? ನಿಮ್ಮ ಕಾರ್ಖಾನೆಯ ಸುರಕ್ಷತಾ ಪಾಠದಲ್ಲೇ ಬರೆದಿದೆ: ಮೊದಲು ಅಪಾಯವನ್ನೇ ತೆಗೆ; ಆಗದಿದ್ದರೆ ಕಡಿಮೆ ಅಪಾಯದ್ದನ್ನ ತಾ; ಅದೂ ಆಗದಿದ್ದರೆ ಯಂತ್ರದಿಂದ ತಡೆ; ಆಮೇಲೆ ಕೆಲಸದ ರೀತಿ ಬದಲಿಸು; ಎಲ್ಲ ಮುಗಿದ ಮೇಲೆ ಕೊನೆಯದು ಕೈಗವಸು, ಮುಖವಾಡ. ಕಾರ್ಖಾನೆಯ ಗೇಟಿನ ಒಳಗೆ ಕೊನೆಯದಾದದ್ದು ಹೊಲದಲ್ಲಿ ಮೊದಲನೆಯದೂ ಕೊನೆಯದೂ ಅದೊಂದೇ ಆದದ್ದು ಹೇಗೆ?

ಇದು ನಾವು ಕಟ್ಟಿದ ವಾದವಲ್ಲ. ೧೯೮೫ರಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಕೀಟನಾಶಕಗಳ ಬಗ್ಗೆ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಹಾಕಿಕೊಳ್ಳಲು ಕಷ್ಟವಾದ, ದುಬಾರಿಯಾದ, ಸುಲಭವಾಗಿ ಸಿಗದ ರಕ್ಷಣಾ ಉಡುಪು ಬೇಕಾಗುವ ವಿಷಗಳನ್ನ ಬಿಸಿಲು ನಾಡಿನ ಸಣ್ಣ ರೈತರ, ಕೂಲಿಗಳ ಕೈಗೆ ಕೊಡಬಾರದು ಅನ್ನೋದು ಆ ಸಂಹಿತೆಯ ನಿಲುವು. ದೊಡ್ಡ ಕಂಪನಿಗಳು ಅದನ್ನ ಪಾಲಿಸ್ತೀವಿ ಅಂತ ತಮ್ಮ ವರದಿಗಳಲ್ಲಿ ಬರೆದುಕೊಳ್ಳುತ್ತವೆ. ೨೦೧೭ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ವಿಷ ಹೊಡೆಯುತ್ತ ೨೦ಕ್ಕೂ ಹೆಚ್ಚು ಜನ ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಗ ಎದ್ದ ಮಾತೇನು? ಅವರು ಮುಖವಾಡ ಹಾಕಿರಲಿಲ್ಲ! ಸತ್ತವನ ಮೇಲೇ ತಪ್ಪು ಹೊರಿಸೋ ಈ ವಿದ್ಯೆ ನಮಗೆ ಹೊಸದಲ್ಲ. ಹಿಂದೆ ಅದಕ್ಕೆ ಕರ್ಮ ಅಂತಿದ್ದರು. ಈಗ ದುರ್ಬಳಕೆ ಅಂತಾರೆ.

ಲೆಕ್ಕ ಇಡೋದು ಪಾರುಪತ್ಯಗಾರನ ಮೊದಲ ಕೆಲಸ ತಾನೇ? ಕಾಸರಗೋಡಿನ ಕಡೆ ನೋಡಿ. ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ಗುಡ್ಡದ ಬುಡದಲ್ಲಿ ತೋಡು, ಬಾವಿ, ಸುರಂಗ, ಮನೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಗೇರು ನಿಗಮದವರು ಅದನ್ನೇ ಸುರಿದರು. ವಿಕಾರವಾಗಿ ಹುಟ್ಟಿದ ಮಕ್ಕಳ, ಬುದ್ಧಿ ಬೆಳೆಯದ ಮಕ್ಕಳ, ಹಾಸಿಗೆ ಹಿಡಿದವರ ಲೆಕ್ಕ ಇಟ್ಟವರು ಯಾರು? ಮಾಲು ಮಾಡಿದ ಕಂಪನಿಗಳಲ್ಲ. ಪಡ್ರೆಯ ಹಳ್ಳಿ ಡಾಕ್ಟರು ವೈ. ಎಸ್. ಮೋಹನಕುಮಾರ್ ಇಟ್ಟರು. ಕೃಷಿ ಇಲಾಖೆಯ ಸಣ್ಣ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ೧೯೯೮ರಲ್ಲಿ ಕೋರ್ಟು ಹತ್ತಿದರು. ೨೦೧೧ರಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಮೇ ೧೩ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಿ ಅಂತ ೨೦೧೭ರಲ್ಲಿ ಅದೇ ಕೋರ್ಟು ಆಜ್ಞೆ ಮಾಡಿದ್ದು ಕೇರಳ ಸರ್ಕಾರಕ್ಕೆ. ಅಂದರೆ ಜನರ ತೆರಿಗೆಗೆ. ಮಾಲಿನ ಹೊಣೆ ತಮ್ಮದು ಅನ್ನುವವರ ಜೇಬು ಮಾತ್ರ ಬೆಚ್ಚಗೇ ಉಳಿಯಿತು.

ಇನ್ನೊಂದು ವಿಷ, ಮಾನೊಕ್ರೊಟೊಫಾಸ್. ಇದರ ಅಪಾಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲೇ ಭಾರತಕ್ಕಾಗಿ ವರದಿ ಬರೆಯಿತು. ೨೦೧೩ರ ಜುಲೈನಲ್ಲಿ ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯ ಬಿಸಿಯೂಟಕ್ಕೆ ಈ ವಿಷ ಬೆರೆತು ೨೩ ಮಕ್ಕಳು ಸತ್ತರು. ಅಡುಗೆ ಎಣ್ಣೆಯನ್ನ ವಿಷದ ಡಬ್ಬದಲ್ಲಿ ಇಟ್ಟಿದ್ದರು ಅನ್ನೋದು ಆಗ ಅಧಿಕಾರಿಗಳು ಹೇಳಿದ ಮಾತು. ಹೆಚ್ಚಾಗಿ ಮಾರಾಟವಾಗುತ್ತಿದ್ದ ಅದರ ೩೬ ಎಸ್‌ಎಲ್ ರೂಪಕ್ಕೆ ನಿಷೇಧದ ಆಜ್ಞೆ ಬಂದದ್ದು ೨೦೨೩ರಲ್ಲಿ. ವರದಿಯಿಂದ ಆಜ್ಞೆಗೆ ೧೪ ವರ್ಷ. ಅಷ್ಟೂ ವರ್ಷ ಅದನ್ನ ಮಾರುತ್ತಿದ್ದ ಕಂಪನಿಗಳ ಪಾರುಪತ್ಯಗಾರರು ಏನು ಮಾಡುತ್ತಿದ್ದರು? ಸರ್ಕಾರ ನಿಲ್ಲಿಸು ಅನ್ನುವ ತನಕ ಮಾರೋದಕ್ಕೆ ಅಂಗಡಿಯವನೇ ಸಾಕಲ್ಲ, ಪಾರುಪತ್ಯಗಾರ ಯಾಕೆ ಬೇಕು? ನಿಲ್ಲಿಸಲು ಆಗೋದಿಲ್ಲ ಅನ್ನಬೇಡಿ. ೨೦೧೦ರ ಕೊನೆಯೊಳಗೆ ಎಂಡೋಸಲ್ಫಾನ್ ಮಾರಾಟ ನಿಲ್ಲಿಸ್ತೀವಿ ಅಂತ ಬಾಯರ್ ಕಂಪನಿ ೨೦೦೯ರಲ್ಲೇ ಹೇಳಿತು. ಮನಸ್ಸಿದ್ದರೆ, ಹೆದರಿಕೆ ಇದ್ದರೆ, ಆಗುತ್ತದೆ.

ಹಾಗಾದರೆ ಈ ವಿಭಾಗ ಹೇಗಿರಬೇಕು? ಹೇಳ್ತೀವಿ, ಬರೆದುಕೊಳ್ಳಿ.

ಒಂದು, ಕುರ್ಚಿ ಎಲ್ಲಿ ಹಾಕುತ್ತೀರಿ ಅನ್ನೋದು. ಈ ವಿಭಾಗದಲ್ಲಿ ಸಜ್ಜನರು ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಮಾರಾಟದ ಮುಖ್ಯಸ್ಥನ ಕೈಕೆಳಗೆ ಕೂತ ಸಜ್ಜನನಿಂದ ಏನಾಗುತ್ತದೆ? ವರದಿ ಆಗುತ್ತದೆ. ಅವನು ನೇರವಾಗಿ ಆಡಳಿತ ಮಂಡಳಿಗೆ ಉತ್ತರ ಕೊಡಬೇಕು. 'ಈ ಮಾಲು ಈ ಜಿಲ್ಲೆಗೆ ಹೋಗಕೂಡದು' ಅಂತ ಅವನು ಹೇಳಿದರೆ ಲಾರಿ ನಿಲ್ಲಬೇಕು. ಲಾರಿ ನಿಲ್ಲಿಸಲಾರದವನನ್ನ ಪಾರುಪತ್ಯಗಾರ ಅನ್ನಬೇಡಿ, ಭಟ್ಟಂಗಿ ಅನ್ನಿ.

ಎರಡು, ಲೆಕ್ಕ. ಸಿಂಪಡಿಸುವವರನ್ನ ಕೆಲಸಕ್ಕೆ ಮೊದಲೂ ಆಮೇಲೆ ಕಾಲಕಾಲಕ್ಕೂ ವೈದ್ಯರು ಪರೀಕ್ಷಿಸಬೇಕು ಅಂತ ೧೯೭೧ರ ಕೀಟನಾಶಕ ನಿಯಮಗಳಲ್ಲೇ ಬರೆದರು. ನಮ್ಮ ಕೇರಿಗಳಿಗೆ ಅಂಥ ವೈದ್ಯರು ಬಂದದ್ದನ್ನ ನಾವು ಕಂಡಿಲ್ಲ. ಮಾಲು ಹೋದ ತಾಲ್ಲೂಕಿನಲ್ಲೆಲ್ಲ ತಲೆಸುತ್ತು, ವಾಂತಿ, ಕಣ್ಣು ಮಂಜಾದದ್ದು, ಸಾವು, ಎಲ್ಲ ಬರೆದಿಡಿ. ಡೀಲರನ್ನ ಕೇಳಿ ಬರೆಯಬೇಡಿ. ಕೇರಿಗೆ ಬನ್ನಿ, ಕೂಲಿ ಸಂಘದವರ ಮುಂದೆ ಬರೆಯಿರಿ, ಬರೆದದ್ದನ್ನ ಓದಿ ಹೇಳಿ.

ಮೂರು, ಮಾಲಿನ ಪರೀಕ್ಷೆ. ನಿಮ್ಮ ಮಾಲು ಪ್ರಯೋಗಶಾಲೆಯಲ್ಲಿ ಪಾಸಾದರೆ ಸಾಲದು. ಸೋರುವ ಪಂಪು, ಬರಿಗಾಲು, ಬಿಸಿಲು, ನೀರಿಲ್ಲದ ಹೊಲ, ಓದು ಬಾರದ ಕಣ್ಣು, ಇಷ್ಟನ್ನೂ ಲೆಕ್ಕಕ್ಕೆ ಹಿಡಿದು ಪಾಸಾಗಬೇಕು. ಅಲ್ಲಿ ಫೇಲಾದರೆ ಮಾಲು ವಾಪಸ್ಸು. ಕೂಲಿಯನ್ನ ತಿದ್ದೋಕೆ ಹೋಗಬೇಡಿ, ಮಾಲನ್ನ ತಿದ್ದಿ.

ನಾಲ್ಕು, ಡಬ್ಬ. ಖಾಲಿ ಡಬ್ಬ ಒಡೆದು ಊರಾಚೆ ಹೂಳಬೇಕು ಅಂತಲೂ ಅದೇ ನಿಯಮಗಳಲ್ಲಿದೆ. ಊರಾಚೆ ಇರೋರು ಯಾರು ಸ್ವಾಮಿ? ನಾವೇ ಅಲ್ಲವೇ! ಸೋಡಾ ಬಾಟಲಿಗೆ ಠೇವಣಿ ಇಡಿಸಿಕೊಳ್ಳೋ ದೇಶ ಇದು. ವಿಷದ ಡಬ್ಬಕ್ಕೂ ಠೇವಣಿ ಇಡಿಸಿ, ವಾಪಸ್ಸು ತಗೊಂಡು ನಿಮ್ಮ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ.

ಐದು, ಮದ್ದು ಮತ್ತು ದುಡ್ಡು. ಮಾಲು ಮಾರಿದ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಮದ್ದು ಇರಬೇಕು, ವೈದ್ಯರಿಗೆ ಅದರ ಪೂರ್ತಿ ವಿವರ ಗೊತ್ತಿರಬೇಕು. ಪ್ಯಾರಾಕ್ವಾಟ್ ಥರ ಮದ್ದೇ ಇಲ್ಲದ ವಿಷ ಮಾರಲೇಕೂಡದು. ಯುರೋಪಿನ ಒಕ್ಕೂಟದಲ್ಲಿ ಅದಕ್ಕೆ ೨೦೦೭ರಿಂದ ಜಾಗವಿಲ್ಲ. ಅಲ್ಲಿಯವರ ಗಂಟಲು ಬೇರೆ, ನಮ್ಮ ಗಂಟಲು ಬೇರೆಯೇ? ಸತ್ತವರ, ಕೈಕಾಲು ಬಿದ್ದವರ ಮನೆಗೆ ಕಂಪನಿಯೇ ದುಡ್ಡು ಕಟ್ಟಬೇಕು. ಆ ಖರ್ಚು ಡಬ್ಬದ ಬೆಲೆಯಲ್ಲಿ ಸೇರಲಿ, ಆಗ ಯಾವ ವಿಷ ನಿಜಕ್ಕೂ ಅಗ್ಗ ಅನ್ನೋದು ಗೊತ್ತಾಗುತ್ತದೆ.

ಇಷ್ಟು ಕೇಳಿದರೆ ಅವರು ಅನ್ನೋದು ಗೊತ್ತು: ಔಷಧಿ ಹೊಡೆಯದಿದ್ದರೆ ದೇಶಕ್ಕೆ ಅನ್ನ ಎಲ್ಲಿಂದ? ಅನ್ನದ ಹೆಸರು ಹೇಳಿ ನಮ್ಮನ್ನ ಹೆದರಿಸಬೇಡಿ, ಅನ್ನ ಬೆಳೆಯೋ ಕೈ ನಮ್ಮದು. ಪಕ್ಕದ ಶ್ರೀಲಂಕಾ ಘೋರ ವಿಷಗಳನ್ನ ಒಂದೊಂದಾಗಿ ನಿಷೇಧಿಸುತ್ತ ಬಂತು. ೧೯೯೫ರಿಂದ ೨೦ ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ೭೦ ಭಾಗ ಇಳಿಯಿತು. ಆ ನಿಷೇಧಗಳಿಂದ ಬೆಳೆ ಕುಸಿಯಲಿಲ್ಲ ಅಂತ ಅಲ್ಲಿನ ಅಧ್ಯಯನಗಳು ತೋರಿಸಿದವು. ಉಪದೇಶ ಮಾಡಿ ಉಳಿಸಿದ ಜೀವಕ್ಕಿಂತ ಅಂಗಡಿಯಿಂದ ಡಬ್ಬ ತೆಗೆದು ಉಳಿಸಿದ ಜೀವ ಹೆಚ್ಚು. ಮಾಲಿನ ಹೊಣೆ ಅಂದರೆ ಮೊಟ್ಟಮೊದಲು ಇದು.

ಕೇರಿಯ ಗೆಳೆಯರೇ, ಕಂಪನಿಯ ಜೀಪು ಮುಂದಿನ ಮುಂಗಾರಿಗೂ ಬರುತ್ತದೆ. ಟೋಪಿ ಕೊಡ್ತಾರೆ, ಮುಖವಾಡ ಕೊಡ್ತಾರೆ, ಫೋಟೋ ಹಿಡೀತಾರೆ. ಟೋಪಿ ತಗೊಳ್ಳೋಕೆ ಮುಂಚೆ ಅವರನ್ನ ಕೂರಿಸಿ ಮೂರು ಮಾತು ಕೇಳೋಣ. ಹೋದ ವರ್ಷ ನಿಮ್ಮ ಮಾಲಿನಿಂದ ಈ ತಾಲ್ಲೂಕಿನಲ್ಲಿ ಎಷ್ಟು ಜನ ಆಸ್ಪತ್ರೆಗೆ ಬಿದ್ದರು? ಆ ಲೆಕ್ಕ ನೋಡಿ ನೀವು ನಿಲ್ಲಿಸಿದ ಮಾಲು ಯಾವುದು? ನಿಲ್ಲಿಸು ಅಂದವನು ಇನ್ನೂ ನಿಮ್ಮ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆಯೇ? ಉತ್ತರ ಬರುವ ತನಕ ಪಂಪು ನೆಲದ ಮೇಲೇ ಇರಲಿ. ಕೂಲಿ ಹೋಗುತ್ತೆ ಅಂತ ಒಬ್ಬೊಬ್ಬರೇ ಹೆದರುತ್ತೇವೆ, ನಿಜ. ಇಡೀ ಕೇರಿ ಒಟ್ಟಿಗೆ ಪಂಪು ಕೆಳಗಿಟ್ಟರೆ ಒಡೆಯ ಯಾರನ್ನ ಕರೀತಾನೆ?