ಷೋಕೇಸಿನೊಳಗಣ ದ್ರಾಕ್ಷಾರಸ

ನಮ್ಮ ಅನೇಕ ಕ್ರೈಸ್ತ ಮನೆಗಳ ಹಜಾರದಲ್ಲಿ ಗಾಜಿನ ಷೋಕೇಸೊಂದು ಇದ್ದೇ ಇರುತ್ತದೆ. ಅದರೊಳಗೆ ಲೂರ್ದು ಮಾತೆಯ ಸ್ವರೂಪ, ಮಕ್ಕಳು ಗೆದ್ದ ಕಪ್ಪುಗಳು, ಮದುವೆಯ ಭಾವಚಿತ್ರ. ಅವುಗಳ ನಡುವೆ, ಪರದೇಶದಿಂದ ಬಂದ ಬಂಧುವೊಬ್ಬರು ಕೊಟ್ಟುಹೋದ ದ್ರಾಕ್ಷಾರಸದ ಸೀಸೆ. ನೆಟ್ಟಗೆ ನಿಂತ ಆ ಸೀಸೆಯ ಮೇಲೆ ಹಗಲೆಲ್ಲ ಕಿಟಕಿಯ ಬಿಸಿಲು, ರಾತ್ರಿ ಟ್ಯೂಬ್‌ಲೈಟಿನ ಬೆಳಕು. ಏಕೆ ಇಟ್ಟಿದ್ದೀರಿ ಎಂದು ಕೇಳಿದರೆ, “ಇರಲಿ, ಮಗಳ ಮದುವೆಗೆ ತೆರೆಯೋಣ, ಹಳೆಯದಾದಷ್ಟೂ ಒಳ್ಳೆಯದಲ್ಲವೇ?” ಎಂಬ ಉತ್ತರ. ಮಗಳು ಇನ್ನೂ ಏಳನೆಯ ತರಗತಿಯಲ್ಲಿರುತ್ತಾಳೆ!

‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಈ ಮಾತಿನಷ್ಟು ದ್ರಾಕ್ಷಾರಸವನ್ನು ಹಾಳುಮಾಡಿದ ಮಾತು ಬೇರೊಂದಿಲ್ಲ. ಪ್ರಪಂಚದಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿಯಲೆಂದು ಮಾಡಿದ್ದು. ದಶಕಗಳ ಕಾಲ ಮಾಗುವಂಥವು ಬೆರಳೆಣಿಕೆಯವು. ಅವುಗಳಿಗೂ ನೆಲಮಾಳಿಗೆಯ ತಂಪು ಬೇಕು. ಆದರೂ ಕೆಲವರು ಈ ಮಾತಿಗೆ ಪವಿತ್ರ ಗ್ರಂಥದ ಆಧಾರವನ್ನೇ ಕೊಡುತ್ತಾರೆ. ಹಳೆಯದನ್ನು ಕುಡಿದವನು ಹೊಸದನ್ನು ಬಯಸುವುದಿಲ್ಲವೆಂದು ಲೂಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಇದೆಯಲ್ಲ ಎನ್ನುತ್ತಾರೆ. ಪ್ರಭು ಅಲ್ಲಿ ಹೇಳಿದ್ದು ಮನುಷ್ಯನ ರೂಢಿಯ ಹಟವನ್ನೇ ಹೊರತು ಸೀಸೆ ಇಡುವ ಕ್ರಮವನ್ನಲ್ಲ. ಕಾನಾ ಊರಿನ ಮದುವೆಯನ್ನೇ ನೋಡಿ. ಔತಣದ ಮೇಲ್ವಿಚಾರಕನಿಂದ ಉತ್ತಮವೆನಿಸಿಕೊಂಡ ಆ ದ್ರಾಕ್ಷಾರಸ ಕ್ಷಣಗಳ ಹಿಂದೆ ಆರು ಕಲ್ಲಿನ ಬಾನಿಗಳಲ್ಲಿ ನೀರಾಗಿತ್ತು. ಅಷ್ಟು ಹೊಸದು!

ದ್ರಾಕ್ಷಾರಸಕ್ಕೆ ಶತ್ರುಗಳು ಮೂರು: ಶಾಖ, ಬೆಳಕು, ಗಾಳಿ. ನಮ್ಮ ಷೋಕೇಸು ಮೊದಲೆರಡನ್ನು ಧಾರಾಳವಾಗಿ ಒದಗಿಸುತ್ತದೆ, ಮೂರನೆಯದಕ್ಕೆ ಬಾಗಿಲು ತೆರೆಯುತ್ತದೆ. ಬಹುಕಾಲ ಇಡಬೇಕಾದ ವೈನಿಗೆ ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಯೋಗ್ಯವೆನ್ನುತ್ತಾರೆ. ಮಂಗಳೂರಿನ ಮನೆಯೊಳಗೆ ವರ್ಷದ ಹೆಚ್ಚಿನ ದಿನಗಳಲ್ಲಿ ಅದರ ಎರಡು ಪಟ್ಟು ಇರುತ್ತದೆ. ಹಗಲಿನ ಸೆಕೆಗೆ ರಸ ಹಿಗ್ಗಿ ಬಿರಡೆಯನ್ನು ಒತ್ತುತ್ತದೆ, ರಾತ್ರಿ ಕುಗ್ಗಿ ಗಾಳಿಯನ್ನು ಒಳಗೆಳೆಯುತ್ತದೆ. ನೆಟ್ಟಗೆ ನಿಂತ ಸೀಸೆಯ ಕಾರ್ಕು ಒಣಗಿ ಸೊರಗಿದರಂತೂ ತಡೆಯೇ ಇಲ್ಲ. ಬಿಳಿ ಗಾಜಿನ ಸೀಸೆಯಾದರೆ ಬೆಳಕೇ ಅದರೊಳಗೆ ಗಂಧಕದ ಸಂಯುಕ್ತಗಳನ್ನು ಹುಟ್ಟಿಸಿ ಬೆಂದ ಎಲೆಕೋಸಿನಂಥ ವಾಸನೆ ತರುತ್ತದೆ. ಮದುವೆಯ ದಿನ ಸಂಭ್ರಮದಿಂದ ತೆರೆದಾಗ ಲೋಟಕ್ಕೆ ಬೀಳುವುದು ಕಂದುಬಣ್ಣದ, ಜೀವವಿಲ್ಲದ ದ್ರವ. ಅತಿಥಿಗಳು ಮರ್ಯಾದೆಗಾಗಿ ನುಂಗುತ್ತಾರೆ. ಕೊಟ್ಟವರ ಪ್ರೀತಿ ವ್ಯರ್ಥವಾಗುತ್ತದೆ.

ಹಾಗಾದರೆ ಎಲ್ಲಿಡಬೇಕು? ಇದಕ್ಕೆ ಶ್ರೀಮಂತರ ನೆಲಮಾಳಿಗೆಯೇನೂ ಬೇಡ. ಬಿಸಿಲು ಬೀಳದ ಒಳಕೋಣೆಯ ಬೀರುವಿನ ಕೆಳತಟ್ಟು ಸಾಕು. ಕಾರ್ಕಿನ ಸೀಸೆಯಾದರೆ ಮಲಗಿಸಿಡಿ, ರಸ ತಗಲಿ ಕಾರ್ಕು ತೇವವಾಗಿರುತ್ತದೆ. ತಿರುಪು ಮುಚ್ಚಳದ್ದಾದರೆ ನಿಲ್ಲಿಸಿದರೂ ಅಡ್ಡಿಯಿಲ್ಲ. ಕರಾವಳಿಯ ಬೇಸಿಗೆಯಲ್ಲಿ ಅದೂ ಸಾಲದಾದರೆ ಫ್ರಿಜ್ಜಿನ ತಳಭಾಗವೇ ವಾಸಿ, ಆದರೆ ಕೆಲವು ತಿಂಗಳ ಮಟ್ಟಿಗೆ ಮಾತ್ರ. ಒಲೆಯ ಮೇಲಿನ ಗೂಡು, ಫ್ರಿಜ್ಜಿನ ನೆತ್ತಿ, ಟಿ.ವಿ.ಯ ಪಕ್ಕ ಬೇಡವೇ ಬೇಡ. ಎಲ್ಲಕ್ಕಿಂತ ಉತ್ತಮ ಉಪಾಯವೆಂದರೆ, ಬಂದ ಸೀಸೆಯನ್ನು ಮುಂದಿನ ಹಬ್ಬಕ್ಕೇ ತೆರೆದು ಹಂಚಿಕೊಳ್ಳುವುದು.

ಇನ್ನು ನಾವೇ ಮಾಡುವ ಕ್ರಿಸ್ಮಸ್ ವೈನಿನ ವಿಚಾರ. ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಇವುಗಳಿಂದ ನಮ್ಮ ತಾಯಂದಿರು ಮಾಡುವ ಆ ಪಾನೀಯದ ಬಗ್ಗೆ ನನಗೆ ಗೌರವವಿದೆ. ಮಾಡುವಾಗ ಇರುವ ಶ್ರದ್ಧೆ ಇಡುವಾಗ ಇರುವುದಿಲ್ಲವೆಂಬುದೇ ನನ್ನ ತಕರಾರು. ಕಾರ್ಖಾನೆಯವರು ಕೆಡದಂತೆ ಗಂಧಕದ ಡೈಆಕ್ಸೈಡನ್ನು ಸೇರಿಸುತ್ತಾರೆ. ನಮ್ಮ ಭರಣಿಯಲ್ಲಿ ಅದಿಲ್ಲ. ಆದ್ದರಿಂದ ಅದರ ಆಯುಸ್ಸು ಕಡಿಮೆ. ಹುದುಗು ನಿಲ್ಲುವ ಮೊದಲೇ ಬಿಗಿಯಾಗಿ ಮುಚ್ಚಿದರೆ ಒಳಗಿನ ಅನಿಲ ಗಾಜನ್ನೇ ಸಿಡಿಸೀತು. ಹೊಸ ದ್ರಾಕ್ಷಾರಸ ಮತ್ತು ಹಳೆಯ ಬುದ್ದಲಿಗಳ ಸಾಮತಿಯನ್ನು ಪ್ರತಿವರ್ಷ ಕೇಳುವ ನಮಗೆ ಇದನ್ನು ವಿವರಿಸಬೇಕೇ? ಹುದುಗು ನಿಂತ ಮೇಲಾದರೋ ತದ್ವಿರುದ್ಧ: ಗಸಿಯನ್ನು ಬಿಟ್ಟು ತಿಳಿಯನ್ನು ಸೋಸಿ, ಶುದ್ಧವಾದ ಗಾಜಿನ ಸೀಸೆಗಳಿಗೆ ಕಂಠದವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಬೇಕು. ಅರ್ಧ ಖಾಲಿಯಾದ ಭರಣಿಗೆ ಬಟ್ಟೆ ಕಟ್ಟಿ ಈಸ್ಟರ್‌ವರೆಗೆ ಇಡುವುದೆಂದರೆ ವಿನೆಗರ್ ತಯಾರಿಸಿದಂತೆಯೇ. ಗಾಳಿ ಸಿಕ್ಕಲ್ಲಿ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆಂದು ಲೂಯಿ ಪಾಶ್ಚರ್ 1860ರ ದಶಕದಲ್ಲೇ ತೋರಿಸಿಕೊಟ್ಟರು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡುವುದಂತೂ ಅಪಾಯ. ಹುಳಿ ಲೋಹವನ್ನು ತಿನ್ನುತ್ತದೆ.

ಬಲಿಪೂಜೆಯ ದ್ರಾಕ್ಷಾರಸ ಕೆಟ್ಟಿರಬಾರದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 924ನೆಯ ನಿಯಮದಲ್ಲಿ ವಿಧಿಸಿದೆ. ಅದು ಬಲಿಪೀಠದ ಮಾತು, ಮನೆಗೆ ಅನ್ವಯಿಸುವ ಕಾನೂನಲ್ಲ, ಒಪ್ಪುತ್ತೇನೆ. ಆದರೆ ದೇವರ ಮುಂದೆ ಹುಳಿತದ್ದನ್ನು ಇಡದ ನಾವು ಕ್ರಿಸ್ಮಸ್ಸಿಗೆ ಬಂದ ನೆರೆಯವರ ಮುಂದೆ ಅದನ್ನೇ ಇಡಬಹುದೇ?

“ಇಷ್ಟೆಲ್ಲ ಕಲಿಸಿದರೆ ಜನ ಇನ್ನಷ್ಟು ಕುಡಿಯುವುದಿಲ್ಲವೇ?” ಎಂದು ಹಿರಿಯರೊಬ್ಬರು ಆಕ್ಷೇಪಿಸಬಹುದು. ನಾನು ಕಂಡಿರುವುದು ಇದಕ್ಕೆ ವಿರುದ್ಧ. ಹಬ್ಬದ ರಾತ್ರಿ ಹತ್ತು ಗಂಟೆಗೆ, ಎಲ್ಲರಿಗೂ ಸಾಕೆನಿಸಿದಾಗ, ಯಾರೋ ಒಬ್ಬರು “ತೆರೆದ ಸೀಸೆ ಕೆಟ್ಟುಹೋಗುತ್ತದೆ, ಮುಗಿಸಿಬಿಡಿ” ಎನ್ನುತ್ತಾರೆ. ಆ ಒಂದು ಮಾತಿನಿಂದ ಎಷ್ಟು ಮನೆಗಳಲ್ಲಿ ಸಂತೋಷ ಜಗಳವಾಗಿಲ್ಲ! ಎಷ್ಟು ಹೆಂಡತಿಯರು ಆ ರಾತ್ರಿ ಕಣ್ಣೀರು ಹಾಕಿಲ್ಲ! ವಾಸ್ತವವೇನೆಂದರೆ, ಉಳಿದದ್ದನ್ನು ಚಿಕ್ಕ ಸೀಸೆಗೆ ತುಂಬಿ ಗಾಳಿಗೆ ಜಾಗವಿಲ್ಲದಂತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿಯೇ ಇರುತ್ತದೆ. ಮುಗಿಸಲೇಬೇಕೆಂಬುದು ಕುಡುಕನ ನೆಪ; ಇಡುವ ಕ್ರಮ ಅರಿಯದ ನಮ್ಮ ಅಜ್ಞಾನ ಆ ನೆಪಕ್ಕೆ ಆಸರೆ. ಚಿಕ್ಕ ಸೀಸೆಗಳಲ್ಲೇ ತುಂಬಿಡುವ ಗೃಹಿಣಿ ಒಂದು ಸಲಕ್ಕೆ ಒಂದನ್ನೇ ತೆರೆಯುತ್ತಾಳೆ, ಮಿತಿ ತಾನಾಗಿ ಉಳಿಯುತ್ತದೆ.

ಇಷ್ಟಾಗಿಯೂ ಹುಳಿಯಿತೇ? ಅದನ್ನು ಅತಿಥಿಗೆ ಕೊಡಬೇಡಿ, ಚೆಲ್ಲಲೂ ಬೇಡಿ. ಮೇಲೆ ಬೂಷ್ಟು ಕಟ್ಟಿರದಿದ್ದರೆ, ಭಾನುವಾರದ ಹಂದಿಮಾಂಸದ ಇಂದಾದಿಗೆ ವಿನೆಗರ್ ಕೊಳ್ಳುವ ಖರ್ಚು ಉಳಿಯಿತು.