ಅಂಗನವಾಡಿಯಲ್ಲಿ ಯಾವ ಭಾಷೆ?

ಕಾಸರಗೋಡು: ಗಡಿನಾಡಿನಲ್ಲಿ ಭಾಷಾ ಹಕ್ಕಿನ ಮಾತೆದ್ದಾಗಲೆಲ್ಲ ಮುಂದೆ ಬರುವುದು ಶಾಲೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷಾ ಕಲಿಕೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಆದರೆ ಮಗು ಮೂರು ವರ್ಷಕ್ಕೇ ಅಂಗನವಾಡಿ ಮೆಟ್ಟಿಲು ಹತ್ತುತ್ತದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗುವಿಗೆ ಟೀಚರ್ ಮಾತು ಅರ್ಥವಾಗದಿದ್ದರೆ ಅದು ಸುಮ್ಮನೆ ಕೂರುತ್ತದೆ. 'ಮಗು ಸ್ವಲ್ಪ ಮಂದ' ಎಂಬ ಹಣೆಪಟ್ಟಿ ಅಂಟುವುದು ಆಗಲೇ. ಮಲಯಾಳ ಕಲಿಯುವುದಕ್ಕೆ ಯಾರ ತಕರಾರೂ ಬೇಕಿಲ್ಲ. ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆಂಬ ಹೆದರಿಕೆಗೂ ಆಧಾರವಿಲ್ಲ.

ಅಂಗನವಾಡಿ ಬರೀ ಹಾಡು, ಆಟದ ಜಾಗವೂ ಅಲ್ಲ. 1975ರಲ್ಲಿ ಆರಂಭವಾದ ಐಸಿಡಿಎಸ್ ಯೋಜನೆಯಲ್ಲಿ ಪೌಷ್ಟಿಕ ಆಹಾರ, ಚುಚ್ಚುಮದ್ದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ಎಲ್ಲವೂ ಸೇರಿವೆ. ಉದಾಹರಣೆಗೆ, ಭೇದಿಯಾದ ಮಗುವಿಗೆ ಓಆರ್‌ಎಸ್ ಜತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಒಟ್ಟು 14 ದಿನ ಮುಂದುವರಿಸಬೇಕು. ಕನ್ನಡ ಮಾತ್ರ ಬಲ್ಲ ತಾಯಿಗೆ ಇದು ಅರೆಬರೆ ತಿಳಿದರೆ ಮೂರನೇ ದಿನಕ್ಕೇ ಮಾತ್ರೆ ನಿಲ್ಲುತ್ತದೆ.

ಜೂನ್ ಬಂದಾಗ ಕನ್ನಡ ಶಾಲೆಗೆ ಮಕ್ಕಳಿಲ್ಲವೆಂದು ಕೊರಗುವವರು, ಊರಿನ ಅಂಗನವಾಡಿಗೆ ನೇಮಕವಾಗುವಾಗಲೇ ಟೀಚರಿಗೆ ಕನ್ನಡ ಬರುತ್ತದೆಯೇ ಎಂದು ಪಂಚಾಯತಿನಲ್ಲಿ ಕೇಳಬೇಕಿತ್ತು.