ಯಜಮಾನರ ದನಿ ಕೇಳಿ ಹಣ ಕಳಿಸುವ ಮುನ್ನ

ಭೈರುಂಬೆಯ ತೋಟದ ಅಡಕೆ ಶಿರಸಿ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಹೊರರಾಜ್ಯದ ವ್ಯಾಪಾರಿಗಳನ್ನು ತಲುಪುವಷ್ಟರಲ್ಲಿ ಎಷ್ಟೋ ಮಾತು ಫೋನಿನಲ್ಲೇ ಮುಗಿದಿರುತ್ತದೆ. ದರ ಎಷ್ಟು, ಲೋಡ್ ಯಾವಾಗ, ಹಣ ಯಾವ ಖಾತೆಗೆ ಎಂಬುದಕ್ಕೆಲ್ಲ ಆ ಕಡೆಯ ಪರಿಚಿತ ದನಿಯೇ ಖಾತರಿ. ಹತ್ತಿಪ್ಪತ್ತು ವರ್ಷ ಕೇಳಿದ ದನಿಯನ್ನು ನಂಬುವುದು ದಡ್ಡತನವಲ್ಲ. ವ್ಯಾಪಾರ ನಿಂತಿರುವುದೇ ಅದರ ಮೇಲೆ. ಕೃತಕ ಬುದ್ಧಿಮತ್ತೆ ಬಳಸುವ ವಂಚಕರು ಈಗ ಕೈ ಹಾಕಿರುವುದೂ ಅದಕ್ಕೇ.

ಒಬ್ಬರ ದನಿಯನ್ನು ನಕಲು ಮಾಡಲು ಇಂದಿನ ಸಾಧನಗಳಿಗೆ ಕೆಲವೇ ಸೆಕೆಂಡುಗಳ ಧ್ವನಿಮುದ್ರಣ ಸಾಕು. ಅದು ಸಿಗುವುದೂ ಕಷ್ಟವಲ್ಲ. ವಾಟ್ಸ್ಆ್ಯಪ್ ಗುಂಪಿನ ವಾಯ್ಸ್ ಮೆಸೇಜ್, ಸೊಸೈಟಿ ಸಭೆಯ ಭಾಷಣದ ವಿಡಿಯೊ ಇದ್ದೇ ಇರುತ್ತವೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ವ್ಯಾಪಾರಿಯಾದರಂತೂ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ದನಿ ಲಭ್ಯ! ಮೊದಲು ಮೋಸದ ಸಂದೇಶವನ್ನು ಅದರ ಒಡಕು ಕನ್ನಡದಿಂದಲೇ ಹಿಡಿಯಬಹುದಿತ್ತು. ಈಗ ಯಂತ್ರ ಬರೆಯುವ ಕನ್ನಡವೂ ನೆಟ್ಟಗಿದೆ. ಇನ್ಫೊಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿಯವರೇ 2023ರ ಡಿಸೆಂಬರಿನಲ್ಲಿ, ತಮ್ಮ ಮುಖ ಮತ್ತು ದನಿಯ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ದೊಡ್ಡ ಕಂಪನಿಗಳೇನೂ ಸುರಕ್ಷಿತವಾಗಿಲ್ಲ. ಬ್ರಿಟನ್ ಮೂಲದ ಎಂಜಿನಿಯರಿಂಗ್ ಸಂಸ್ಥೆ ಅರೂಪ್‌ನ ಹಾಂಕಾಂಗ್ ಕಚೇರಿಯಲ್ಲಿ 2024ರ ಆರಂಭದಲ್ಲಿ ನಡೆದದ್ದನ್ನು ನೋಡಿ. ಗುಟ್ಟಾಗಿ ಹಣ ವರ್ಗಾಯಿಸಬೇಕೆಂಬ ಇಮೇಲ್ ಬಂದಾಗ ಅಲ್ಲಿನ ನೌಕರನಿಗೆ ಅನುಮಾನ ಬಂದಿತ್ತು. ಆದರೆ ವಿಡಿಯೊ ಕರೆಯಲ್ಲಿ ಹಣಕಾಸು ಮುಖ್ಯಸ್ಥರೂ ಸಹೋದ್ಯೋಗಿಗಳೂ ಕಂಡರು. ಅನುಮಾನ ಕರಗಿತು. 15 ಸಲ, 5 ಖಾತೆಗಳಿಗೆ, ಒಟ್ಟು 20 ಕೋಟಿ ಹಾಂಕಾಂಗ್ ಡಾಲರ್ ಹೋಯಿತು. ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಹೆಚ್ಚು. ಕರೆಯಲ್ಲಿ ಕಂಡವರೆಲ್ಲ ನಕಲಿ.

ಪಾರಾದವರೂ ಇದ್ದಾರೆ. ಏರ್‌ಟೆಲ್‌ನ ಸುನಿಲ್ ಮಿತ್ತಲ್ ಅವರ ದನಿಯಲ್ಲೇ ದುಬೈ ಕಚೇರಿಯ ಅಧಿಕಾರಿಗೆ ಕರೆ ಹೋಗಿ, ದೊಡ್ಡ ಮೊತ್ತ ಕಳಿಸಲು ಸೂಚನೆ ಬಂತು. ‘ಮಿತ್ತಲ್ ಹೀಗೆ ಫೋನಿನಲ್ಲಿ ಹಣ ಕೇಳುವವರಲ್ಲ’ ಎಂದು ಆತ ತಡೆದ. ಆ ಧ್ವನಿಮುದ್ರಣ ಕೇಳಿ ಸ್ವತಃ ಮಿತ್ತಲ್ ಅವರೇ ದಂಗಾದರಂತೆ. ಫೆರಾರಿ ಕಂಪನಿಯ ಅಧಿಕಾರಿಯೊಬ್ಬರು ಕರೆ ಮಾಡಿದ ‘ಸಿಇಒ’ಗೆ, ‘ಮೊನ್ನೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು?’ ಎಂದು ಕೇಳಿದರು. ಕರೆ ಅಲ್ಲಿಗೇ ಕಡಿದುಹೋಯಿತು.

ಗಮನಿಸಿ, ಎರಡೂ ಕಡೆ ಕಾಪಾಡಿದ್ದು ದುಬಾರಿ ಸಾಫ್ಟ್‌ವೇರ್ ಅಲ್ಲ. ಯಜಮಾನನ ದನಿಗೆ ಎದುರು ಪ್ರಶ್ನೆ ಹಾಕುವ ಧೈರ್ಯ. ಆದರೆ ಅವರಿಬ್ಬರೂ ಹಿರಿಯ ಅಧಿಕಾರಿಗಳು. ಬಿ.ಕಾಂ. ಮುಗಿಸಿ ಶಿರಸಿಯ ಅಡಕೆ ವಖಾರಿಯಲ್ಲೋ ಯಲ್ಲಾಪುರದ ಅಂಗಡಿಯಲ್ಲೋ ಲೆಕ್ಕ ಬರೆಯಲು ಸೇರಿದ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ‘ನಾನು ದಾರಿಯಲ್ಲಿದ್ದೇನೆ, ಪಾರ್ಟಿ ಕಾಯ್ತಾ ಇದ್ದಾರೆ, ಈಗಲೇ ನಾಲ್ಕು ಲಕ್ಷ ಹಾಕಮ್ಮ’ ಎಂದು ಯಜಮಾನರೇ ಹೇಳಿದಂತೆ ಕೇಳಿದರೆ, ‘ಇರಿ ಸರ್, ವಾಪಸ್ ಮಾಡ್ತೇನೆ’ ಎಂದರೆ ಬೈಗುಳ ಖಚಿತ, ಹಣ ಕಳಿಸಿ ಅದು ಮೋಸವಾದರೆ ಕೆಲಸಕ್ಕೇ ಕುತ್ತು. ಹಾಗಾಗಿ ನಿಯಮ ಮಾಡಬೇಕಾದವರು ಮಾಲೀಕರೇ. ‘ನನ್ನ ದನಿಯೇ ಕೇಳಿದರೂ ಇಷ್ಟು ಮೊತ್ತದ ಮೇಲೆ ನನ್ನ ಹಳೆಯ ನಂಬರಿಗೆ ನೀವೇ ಫೋನ್ ಮಾಡಿ ಕೇಳದೆ ಕಳಿಸಬೇಡಿ, ಕೇಳಿದ್ದಕ್ಕೆ ನಾನು ಬೈಯುವುದಿಲ್ಲ’ ಎಂದು ಅವರು ಎಲ್ಲರೆದುರು ಹೇಳಬೇಕು. ಖರೀದಿದಾರರ ಖಾತೆ ಸಂಖ್ಯೆ ಬದಲಾಗಿದೆ ಎಂಬ ಸಂದೇಶಕ್ಕೂ ಇದೇ ನಿಯಮ. ದೊಡ್ಡ ಪಾವತಿಗೆ ಬ್ಯಾಂಕಿನಲ್ಲೇ ಇಬ್ಬರ ಒಪ್ಪಿಗೆ ಬೇಕೆಂದು ಮಾಡಿಸಿದರೆ ಇನ್ನೂ ಒಳ್ಳೆಯದು.

ಹಣ ಹೋಗಿಯೇಬಿಟ್ಟರೆ ಮರ್ಯಾದೆಗೆ ಅಂಜಿ ಸಂಜೆವರೆಗೆ ಕಾಯಬಾರದು. ಕೂಡಲೇ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ದೂರು ತಲುಪಿದರೆ ತಡೆಹಿಡಿಯುವ ಅವಕಾಶ ಹೆಚ್ಚು. ಆಮೇಲೆ ಕಾರವಾರದ ಸಿಇಎನ್ ಠಾಣೆ ಅಥವಾ ಹತ್ತಿರದ ಪೊಲೀಸ್ ಠಾಣೆ. ಗಾಬರಿಯಲ್ಲಿ ಚಾಟ್, ಕರೆಯ ವಿವರ ಅಳಿಸಬೇಡಿ.

ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನಕ್ಕೆ ಹೋಗುವವರು ಸಂಬಳ ಕೇಳಿದ ಮೇಲೆ ಇನ್ನೊಂದನ್ನೂ ಕೇಳಬಹುದು: ‘ಫೋನಿನಲ್ಲಿ ಪಾವತಿಗೆ ಹೇಳಿದರೆ ಖಚಿತಪಡಿಸಿಕೊಳ್ಳುವ ಕ್ರಮ ನಿಮ್ಮಲ್ಲಿ ಹೇಗೆ, ಸರ್?’